ವಜಾ

ಲೆಕ್ಕದ ಪುಸ್ತಕದಲ್ಲಿ ಈ ಶಬ್ದ ನನಗೆ ಹಳೆಯ ಪರಿಚಯ.
ಒಡೆದ ಕುರ್ಚಿ ನಾಲ್ಕು, ವಜಾ.
ಮುಂಗಡ ಐನೂರು, ವಜಾ.
ಬರಬೇಕಾದ್ದರಿಂದ ಕಳೆದು
ಉಳಿದದ್ದರ ಕೆಳಗೆ ಎರಡು ಗೆರೆ.

ವಿದ್ಯಾನಗರದ ಕೋರ್ಟಿನಲ್ಲಿ ಅದಕ್ಕೆ ಬೇರೆ ಅರ್ಥ ಉಂಟಂತೆ.
ಪವಿತ್ರನ್ ವಕೀಲರು ಇಂಗ್ಲಿಷಿನಲ್ಲಿ ಓದಿ
ಮಲಯಾಳದಲ್ಲಿ ನಿಟ್ಟುಸಿರು ಬಿಟ್ಟು
ಗುಮಾಸ್ತ ಸಂಕಪ್ಪನನ್ನು ಕರೆದರು.
ಅವನು ಕನ್ನಡದಲ್ಲಿ ಹೇಳಿದ, ಮೆಲ್ಲಗೆ,
ರೋಗದ ಹೆಸರು ಹೇಳುವ ಹಾಗೆ:
"ನಿಮ್ಮ ಪಾಪರ್ ಅರ್ಜಿ ವಜಾ ಆಗಿದೆ, ಐತಪ್ಪಣ್ಣ."

ಸಾಲ?

"ಸಾಲ ವಜಾ ಆಗುವುದಿಲ್ಲ. ಅರ್ಜಿ ಮಾತ್ರ."

ಪಾಪರ್ ಎಂದು ಬರೆಸಿಕೊಳ್ಳಲಿಕ್ಕೂ ಒಂದು ಯೋಗ್ಯತೆ ಬೇಕು:
ಕರೆದಾಗ ಅಲ್ಲಿ ನಿಂತಿರಬೇಕು.
ಮೂರು ಸಲ ಕೂಗಿದರಂತೆ ನನ್ನ ಹೆಸರು,
ಜವಾನನ ಬಾಯಲ್ಲಿ ಅದು ಐತ್ತಪ್ಪನ್ ಆಗಿ.
ನಾನು ಆ ಹೊತ್ತು ಬಂದ್ಯೋಡಿನಲ್ಲಿ
ಅಂದುಂಞಿ ಹಾಜಿಯವರ ಅಂಗಳದಲ್ಲಿ
ಕುರ್ಚಿ ಇಳಿಸುತ್ತಿದ್ದೆ.

ಸುಬಹಿಯ ಬಾಂಗಿಗೆ ಮೊದಲೇ ಹೋಗಿದ್ದರು.
ಮಗ ಫೋನು ಮಾಡಿ ಕೇಳಿದ್ದು ಇಷ್ಟೇ, ನೂರಾದರೂ ಸಿಗಬಹುದಾ?
ಸಾವಿಗೆ ಬಾಡಿಗೆ ಇಲ್ಲ, ನನ್ನ ಅಪ್ಪನ ಕಾಲದಿಂದ.
ಅದೂ ಅಲ್ಲದೆ
ಅರ್ಜಿಯಲ್ಲಿ ಏಳನೆಯ ಹೆಸರು ಅವರದ್ದು,
ಎರಡು ಲಕ್ಷದ ಹತ್ತು ಸಾವಿರ.
ನೋಟಿಸು ತಲುಪಿದ ದಿನ ಅಂಗಡಿಗೆ ಬಂದು
ಚಾದ ಲೋಟ ಖಾಲಿ ಆಗುವ ತನಕ ಸುಮ್ಮನೆ ಕೂತು
"ನನ್ನ ಹೆಸರಿನ ಞ ಬಿದ್ದು ಹೋಗಿದೆಯಲ್ಲ ಮಾರಾಯ" ಅಂದವರು.

ಆಸ್ತಿಯ ಪಟ್ಟಿ ನಾನೂ ಸುಗುಣೆಯೂ ಮೂರು ರಾತ್ರಿ ಕೂತು ಬರೆದದ್ದು.
ಪ್ಲಾಸ್ಟಿಕ್ ಕುರ್ಚಿ ಮುನ್ನೂರ ನಲುವತ್ತು, ಕೆಂಪು.
ಕೈ ಮುರಿದದ್ದು ಬೇರೆ.
ಶಾಮಿಯಾನ ಆರು, ಒಂದಕ್ಕೆ ಇಲಿ.
ಕೊಪ್ಪರಿಗೆ ಎರಡು, ಈಗಾಗಲೇ ಸಹಕಾರಿ ಬ್ಯಾಂಕಿನ ಪಾಲು.
ಮದುಮಕ್ಕಳ ಸಿಂಹಾಸನ ಜೊತೆ ಒಂದು.
ಮದುವೆಗಳೆಲ್ಲ ಇಪ್ಪತ್ತು ಜನರೊಳಗೆ ಮುಗಿದ ಆ ವರ್ಷ
ಅದರ ಮೇಲೆ ನಮ್ಮ ಬೆಕ್ಕು ಮರಿ ಹಾಕಿತ್ತು.
"ಬೆಕ್ಕನ್ನೂ ಬರೆಯಬೇಕಾ?" ಸುಗುಣೆ ಕೇಳಿದಳು.
ನಾವು ನಕ್ಕದ್ದು ಅದೊಂದೇ ಸಲ.

ಅರ್ಜಿ ಇದ್ದ ಹದಿನಾಲ್ಕು ತಿಂಗಳು
ಯಾರೂ ಮುಟ್ಟುವ ಹಾಗಿರಲಿಲ್ಲ ನಮ್ಮನ್ನು.
ತಲೆಯ ಮೇಲೆ ಕೋರ್ಟು ಒಂದು ಟರ್ಪಾಲು ಕಟ್ಟಿತ್ತು.
ಇಷ್ಟು ವರ್ಷ ಗಂಟು ಹಾಕಿದವನಿಗೂ
ಅದರ ಗಂಟು ಎಲ್ಲಿದೆ ಎಂದು ಕಾಣಲಿಲ್ಲ.
ಈಗ ಯಾರೋ ನಾಲ್ಕೂ ಮೂಲೆ ಬಿಚ್ಚಿ, ಮಡಚಿ,
ಟೆಂಪೋಗೆ ಹಾಕಿಕೊಂಡು ಹೋದರು.
ಬಿಸಿಲು ಮೊದಲಿನದ್ದೇ. ತಲೆಗೆ ಅಭ್ಯಾಸ ತಪ್ಪಿದೆ.

ಮರುದಿನ ಬೆಳಿಗ್ಗೆಯೇ ಬಂದರು.
ಉಪ್ಪಳದ ಬ್ಲೇಡಿನವ, ಹೆಲ್ಮೆಟ್ ತೆಗೆಯದೆ.
ಚಿಟ್ಟಿ ಕಂಪನಿಯ ಹುಡುಗಿ, ಕೊಡೆ ಮಡಚಿ, ತುಂಬಾ ಮರ್ಯಾದೆಯಲ್ಲಿ.
ಬ್ಯಾಂಕಿನ ಸೆಕ್ರೆಟರಿ ನನ್ನ ಜೊತೆ ಶಾಲೆಗೆ ಹೋದವನು,
ಹಾಗಾಗಿ ಮುಖ ನೋಡಲಿಲ್ಲ.
ಮತ್ತೆ ಉಳಿದವರು, ಒಬ್ಬೊಬ್ಬರಾಗಿ, ಗೇಟಿನ ಹತ್ತಿರ ಕೆಮ್ಮಿ.

ನಿಲ್ಲಿಸಿಯೇ ಮಾತಾಡಿಸುವುದು ಹೇಗೆ?
ಕೈ ತಾನಾಗಿ ಹೋಯಿತು.
ಒಂದರೊಳಗೊಂದು ಸಿಕ್ಕಿದ್ದನ್ನು ಎಳೆದು
ಬೈರಾಸಿನಲ್ಲಿ ಒರೆಸಿ
ಸಾಲಾಗಿ ಇಟ್ಟೆ.
ಕೂತರು,
ಯಾರದೋ ಮದುವೆಗೆ ಬಂದವರ ಹಾಗೆ
ಊಟದ ಕರೆಗೆ ಕಾಯುತ್ತಾ.

ಎಣಿಸಿ ನೋಡಿದೆ. ಹತ್ತು ಜನ.
ಪಟ್ಟಿಯಲ್ಲಿ ಹನ್ನೊಂದು ಹೆಸರು,
ನಾನು ಇಟ್ಟದ್ದೂ ಹನ್ನೊಂದು.
ಬ್ಲೇಡಿನವ ಕೊನೆಗೂ ಹೆಲ್ಮೆಟ್ ತೆಗೆದು
ಖಾಲಿ ಕುರ್ಚಿಯ ಮೇಲೆ ಇಡಲು ಹೋದ.
ಚಾ ತಂದ ಸುಗುಣೆ ತಟ್ಟೆ ಕೆಳಗಿಡದೆ ಹೇಳಿದಳು:

"ಅದು ಇಲ್ಲಿಲ್ಲ. ಬಂದ್ಯೋಡಿಗೆ ಹೋಗಿದೆ."