ಕೈಬರಹ

ನನಗೆ ಓದು ಬರುವುದು ಅಷ್ಟಕ್ಕಷ್ಟೇ. ಮೂರನೇ ಇಯತ್ತೆ,
ಅದೂ ಹಾನಗಲ್ಲಿನ ಉರ್ದು ಶಾಲೆ ಅರ್ಧ, ಕನ್ನಡ ಶಾಲೆ ಅರ್ಧ.
ಆದರೆ ಒಂದು ರಿಮ್ಮು ತಂದು ಮುಂದಿಡಿ,
ಯಾವ ಅಂಗಡಿ, ಯಾವ ಹುಡುಗ,
ಊಟಕ್ಕೆ ಮುಂಚೆಯೋ ಆಮೇಲೋ
ಹೇಳಿಬಿಡುತ್ತೇನೆ.

ಅಂಚಿನಲ್ಲಿ ಅರ್ಧಚಂದ್ರದ ಕಚ್ಚು:
ಲೀವರಿಗೆ ಪ್ಲಾಸ್ಟಿಕ್ ಟೋಪಿ ಹಾಕಿಲ್ಲ.
ಸುತ್ತಲೂ ಒಂದೇ ಉದ್ದನೆಯ ಗೀರು:
ಮಷೀನಿನ ಮೂಗು ತಗ್ಗಿಸಿ ಪೆಡಲು ತುಳಿದಿದ್ದಾನೆ,
ಕಣ್ಣು ಫೋನಿನ ಮೇಲೆ.
ನಟ್ಟಿನ ತೂತು ಹೂವಿನಂತೆ ಅರಳಿದ್ದರೆ
ಗನ್ನಿನ ಗುಂಡಿ ಬಿಡಲು ಮನಸ್ಸಾಗಿಲ್ಲ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ,
ಶಾರ್ಜಾದ ಈ ಹತ್ತನೇ ಇಂಡಸ್ಟ್ರಿಯಲ್ ಏರಿಯಾದಲ್ಲಿ
ಒಂದು ನಿಮಿಷ ಸಿಕ್ಕರೆ ಅದು ರಜೆ.

ಗಾಡಿಯವರು ಬರುತ್ತಾರೆ, ಮುಖ ಕೆಂಪು.
ಟೈರಿನವನು ಹೇಳಿದನಂತೆ: ಮೊದಲೇ ಇತ್ತು.
ಇವರು: ಇರಲಿಲ್ಲ.
ಅವನು: ಇತ್ತು.
ಮೊದಲೇ ಫೋಟೋ ತೆಗೆದಿಟ್ಟವರು ಗೆಲ್ಲುತ್ತಾರೆ. ತೆಗೆಯದವರು
ನನ್ನ ಹತ್ತಿರ ಬರುತ್ತಾರೆ. ರಿಮ್ಮಿಗೆ ನೂರಿಪ್ಪತ್ತು ದಿರ್ಹಮ್.
ನಾನು ನ್ಯಾಯ ಹೇಳುವುದಿಲ್ಲ. ಮರಳುಕಾಗದ ನೆನೆಹಾಕುತ್ತೇನೆ.

ಅಪ್ಪ ಕಲಾಯಿ ಹಾಕುತ್ತಿದ್ದ.
ಹಂಡೆ, ಕೊಳಗ, ಮದುವೆಮನೆಯ ಕೊಪ್ಪರಿಗೆ;
ನವಸಾಗರದ ಹೊಗೆಯಲ್ಲಿ ತವರ ಬೆಳ್ಳಗೆ ಓಡುವುದನ್ನು
ಕುಕ್ಕರಗಾಲಲ್ಲಿ ಕೂತು ನೋಡಿದ್ದೇನೆ.
ಸ್ಟೀಲು ಬಂತು, ತಿದಿ ಮೂಲೆ ಸೇರಿತು.
ಇಲ್ಲೂ ಅದೇ: ದುಂಡಗಿನದ್ದನ್ನು ಮಡಿಲಲ್ಲಿಟ್ಟು ತಿರುಗಿಸು,
ಬೆರಳು ಎಲ್ಲಿ ತಡವರಿಸುತ್ತದೋ ಅಲ್ಲಿ ನಿಲ್ಲು.

ಆಗಸ್ಟಿನ ಒಂದು ರಾತ್ರಿ, ಹನ್ನೊಂದು ದಾಟಿದೆ,
ಏಸಿಯ ನೀರು ತಗಡಿನ ಮೇಲೆ ತೊಟ್ಟಿಕ್ಕುತ್ತಿದೆ,
ಅರ್ಧ ಎಳೆದ ಶಟರಿನ ಕೆಳಗೆ ಎರಡು ಕಾಲು.
ಎಡದ ಚಪ್ಪಲಿ ಒಂದು ಬಣ್ಣ, ಬಲದ್ದು ಇನ್ನೊಂದು.
ಲುಂಗಿಯಲ್ಲಿ ಸುತ್ತಿದ ಏನನ್ನೋ ಎಳೆಕೂಸಿನಂತೆ ಎದೆಗವಚಿ
ಎದುರಿನ ಅಂಗಡಿಯ ತೊಫಜ್ಜಲ್.
ಹತ್ತೊಂಬತ್ತೋ ಇಪ್ಪತ್ತೋ, ನೊವಾಖಾಲಿಯ ಹುಡುಗ.
ಬಿಚ್ಚಿದ. ಇಪ್ಪತ್ತಿಂಚಿನ ರಿಮ್ಮು,
ಕನ್ನಡಿಯಂಥ ಮುಖ, ಅಂಚಿನಲ್ಲಿ ಮೂರು ಕಚ್ಚು.
ಅವನದೇ ಕೈ. ಎರಡು ತಿಂಗಳಿಂದ ಓದುತ್ತಿದ್ದೇನಲ್ಲ.

"ಬೆಳಿಗ್ಗೆ ಏಳಕ್ಕೆ ಗಾಡಿಯವರು ಬರುತ್ತಾರೆ, ಚಾಚಾ.
ಅರಬಾಬ್ ನೋಡಿದರೆ ಎರಡು ತಿಂಗಳ ಸಂಬಳ ಹೋಯಿತು."
ಎಷ್ಟಿದೆ ಎಂದೆ. ನಲವತ್ತು ಇಟ್ಟ.
ನೋಟು ನೋಟಿಗೆ ಬೆವರಲ್ಲಿ ಅಂಟಿಕೊಂಡಿತ್ತು.

ಮಾಡಿದೆ. ತುಂಬಿ, ಉಜ್ಜಿ, ಮತ್ತೆ ಉಜ್ಜಿ,
ದೀಪದ ಬಿಸಿಗೆ ಹಿಡಿದು. ಒಂದು ಕಡೆ ಹೊಳಪು ಕೂಡಲಿಲ್ಲ,
ಹಗಲಲ್ಲಿ ಕಂಡೀತು ಎಂದೆ.
"ಅವರು ಬಗ್ಗಿ ನೋಡುವವರಲ್ಲ" ಎಂದ.
ಆಮೇಲೆ ಗೋಡೆಗೊರಗಿದ್ದ ಹಳೆಯ ಟೈರು ಉರುಳಿಸಿ ತಂದು
ಹೇಳಿಕೊಟ್ಟೆ. ಸೋಪುನೀರಿಗೆ ಜಿಪುಣತನ ಬೇಡ.
ಟೈರಿನ ಆಚೆ ಬದಿಯನ್ನು ಮೊಣಕೈ ಊರಿ ರಿಮ್ಮಿನ ಕುಳಿಗೆ ಇಳಿಸು,
ಈಚೆ ಬದಿ ತಾನೇ ಸಡಿಲುತ್ತದೆ.
ಲೀವರಿಗೆ ಬಲ ಕೇಳಿತೆಂದರೆ ಎಲ್ಲೋ ತಪ್ಪಿದ್ದೀಯ, ನಿಲ್ಲಿಸು.
ನಟ್ಟು ಮೊದಲು ಕೈಯಲ್ಲಿ, ಒಂದು ಬಿಟ್ಟು ಒಂದು.
ಎಲ್ಲದಕ್ಕೂ ಹೂಂಗುಟ್ಟಿದ. ಅಷ್ಟರಲ್ಲಿ ಬೆಳಗಿನ ಆಜಾನ್.

ತಗೊಳ್ಳಿ, ಅದರ ಫಲ:
ಮುಂದಿನ ತಿಂಗಳು ನನ್ನಲ್ಲಿಗೆ ಬಂದ ರಿಮ್ಮು ಹನ್ನೊಂದು.
ಹಿಂದಿನ ತಿಂಗಳು ಮೂವತ್ತೆರಡು.
ಊರಿಗೆ ಕಳಿಸಿದ ದುಡ್ಡು ನೋಡಿ ಹೆಂಡತಿ ಕೇಳಿದಳು,
ಯಾಕ್ರೀ, ಅಲ್ಲಿ ಯಾರೂ ಗಾಡಿ ಓಡಸೂದಿಲ್ಲೇನು?
ಓಡಸ್ತಾರ, ಎಂದೆ. ಚಲೋ ಓಡಸ್ತಾರ.

ಚಳಿಗಾಲಕ್ಕೆ ತೊಫಜ್ಜಲ್ ಅಜ್ಮಾನಿಗೆ ಹೋದ,
ಸಂಬಳ ಮುನ್ನೂರು ಜಾಸ್ತಿ.
ಹೇಳಿ ಹೋಗಲಿಲ್ಲ. ಬಾಕಿ ಎಂಬತ್ತು ಕೊಡಲಿಲ್ಲ.

ನಿನ್ನೆ ಒಂದು ರಿಮ್ಮು ಬಂತು, ಎದುರಿನದೇ ಅಂಗಡಿ.
ಮಡಿಲಲ್ಲಿಟ್ಟು ತಿರುಗಿಸಿದೆ. ಬೆರಳು ನಿಂತಿತು.
ಕಚ್ಚು ಉಲ್ಟಾ ದಿಕ್ಕಿಗಿದೆ.
ಹೊಸ ಹುಡುಗ. ಎಡಚ.