ಮೊದಲ ಇಂಚು

ಮಾಪ್ಸಾದ ಶುಕ್ರವಾರದ ಪೇಟೆಯಲ್ಲಿ
ಹನ್ನೊಂದು ವರ್ಷ ಟೇಪಿನ ತುದಿ ಹಿಡಿದವನು ನಾನು.
ಇನ್ನೊಂದು ತುದಿ ಸಾಹೇಬರದು. ಓದುವವರು ಅವರು,
ಬರೆಯುವವರು ಅವರು, ರಸೀದಿ ಹರಿಯುವವರು ಅವರು;
ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂರುವುದಷ್ಟೇ ನನ್ನ ನೌಕರಿ.

ನಿಯಮ ಸರಳ: ಗೋಡೆಯಿಂದ ಮೂವತ್ತಾರು ಇಂಚು.
ಅದರಾಚೆ ಒಂದು ಬುಟ್ಟಿ ಬಂದರೂ ದಂಡ,
ಸೋಪೋ ಚೀಟಿ ತೋರಿಸಿದರೂ ದಂಡ.

ಟೇಪಿನ ಮೊದಲ ಇಂಚು ಮುರಿದದ್ದು
ಯಾವ ಮಳೆಗಾಲವೋ, ನೆನಪಿಲ್ಲ.
ಮೀನುಕಟ್ಟೆಯ ಕಬ್ಬಿಣದ ಬಾಗಿಲಿಗೆ ಸಿಕ್ಕು ಟಕ್ಕೆಂದಿತು.
ಅಂದಿನಿಂದ ಅದು ಒಂದರಿಂದಲೇ ಶುರು. ಸೊನ್ನೆಯಿಲ್ಲ.
ಮೂವತ್ತಾರಿದ್ದವರು ಮೂವತ್ತೇಳಾದರು.
ಸಾಹೇಬರು ತುದಿ ನೋಡುವವರಲ್ಲ,
ನಾನು ಹೇಳುವವನಲ್ಲ. ಕೇಳಿದರಲ್ಲವೇ ಹೇಳುವುದು?

ಆದರೆ ಹುನಗುಂದದ ಬಸಲಿಂಗವ್ವನ ಬಳೆಯ ಹಲಗೆ ಬಂದರೆ
ಗೋಡೆಗೂ ಟೇಪಿಗೂ ನಡುವೆ
ನನ್ನ ಹೆಬ್ಬೆರಳು ತಾನಾಗಿ ಅಡ್ಡ ಬರುತ್ತಿತ್ತು.
ಅಗಲ ಸರಿಯಾಗಿ ಒಂದು ಇಂಚು, ದೇವರು ಕೊಟ್ಟದ್ದು.
"ಬರೋಬ್ಬರಿ ಮೂವತ್ತಾರು," ಎನ್ನುತ್ತಿದ್ದರು ಸಾಹೇಬರು.
ಬಾದಾಮಿಯ ಬೆಳ್ಳುಳ್ಳಿಯವನಿಗೂ ಹಾಗೇ,
ಕುಷ್ಟಗಿಯ ಚಾಪೆಯವನಿಗೂ.
"ಆರಾಮೇನ್ರಿ?" ಎಂದವರಿಗೆಲ್ಲ ಬೆರಳು.

ಚೊರಿಸ್ ಮಾರುವ ಎಸ್ಪೆರಾನ್ಸಾ ಮುದುಕಿಗೆ ಬರಿ ಟೇಪು.
ಆಕೆ ಸೊಂಟದ ಚೀಲ ಬಿಚ್ಚಿ ಹತ್ತರ ನೋಟು ಎಣಿಸುವಾಗ
ನಾನು ತೂಗುಬಿಟ್ಟ ಮಾಂಸದ ಕೆಂಪು ಸರ ನೋಡುತ್ತಿದ್ದೆ.

ನಾರ್ವೇಕರ್ ಹಾರ್ಡ್‌ವೇರಿಗೆ ಟೇಪೇ ಇಲ್ಲ.
ಏಣಿ, ಪೈಪು, ಸಿಮೆಂಟು ರಸ್ತೆಗೆ ಐದಡಿ;
ಅಲ್ಲಿ ನಮಗೆ ಚಹಾ.

ಈ ವರ್ಷ ಬಂದವರು ಪ್ರಣೀತಾ ಮಾಂದ್ರೇಕರ್.
ಮೊದಲ ದಿನವೇ ಟೇಪಿನ ತುದಿ ನೋಡಿದರು. ಆಮೇಲೆ ನನ್ನನ್ನು.
"ಎಂದಿನಿಂದ?"
ಮಳೆಗಾಲ, ಎಂದೆ. ಯಾವುದೆಂದು ಕೇಳಲಿಲ್ಲ.
ಹಳೆಯ ರಸೀದಿ ಪುಸ್ತಕಗಳನ್ನು ತರಿಸಿ
ಮೂವತ್ತೇಳು ಕಂಡಲ್ಲೆಲ್ಲ ಪೆನ್ಸಿಲ್ಲಿನ ಗುರುತು ಹಾಕಿದರು.
ದಂಡ ಹಿಂದಿರುಗಿಸಲು ಠರಾವು ಬೇಕಂತೆ,
ಠರಾವಿಗೆ ಸಭೆ, ಸಭೆಗೆ ಕೋರಂ.
ಫೈಲು ಕಿಟಕಿಯ ಬಳಿ ಇದೆ, ಮೇಲೊಂದು ಕಲ್ಲಿಟ್ಟುಕೊಂಡು.

ಶುಕ್ರವಾರ, ಹೊಸ ಟೇಪು. ಮೊದಲು ನಾರ್ವೇಕರ್.
ಚಹಾ ಬಂತು, ಆರಿತು. ಫೋನು ಬಂತು;
"ಅಳತೆ ಮುಗಿಸಿ ಮಾತಾಡುತ್ತೇನೆ," ಎಂದರು ಮ್ಯಾಡಮ್.
ಐದಡಿಯನ್ನು ಐದಡಿಯೆಂದೇ ಬರೆದರು.
ಎಸ್ಪೆರಾನ್ಸಾಳದು ಮೂವತ್ತಾರು. ಆಕೆ ನಂಬಲಿಲ್ಲ,
ಇನ್ನೊಮ್ಮೆ ಅಳೆಯಿರಿ ಎಂದಳು. ಅಳೆದೆವು.

ಬಸಲಿಂಗವ್ವನ ಮುಂದೆ ಬಗ್ಗಿದೆ.
ಗೊತ್ತಿದ್ದೂ ಬೆರಳು ಹೋಯಿತು ಗೋಡೆಗೆ.
"ಬೋಟ್ ಕಾಡ್," ಎಂದರು ಮ್ಯಾಡಮ್, ಮೆಲ್ಲಗೆ.
ತೆಗೆದೆ.
ಅದರ ಭರವಸೆಯಲ್ಲಿ ಹಲಗೆ ಯಾವಾಗಲೋ
ತುಸು ಮುಂದೆ ಬಂದಿತ್ತು. ಮೂವತ್ತೇಳು.

ಆಕೆ ದಂಡ ಎಣಿಸಿ ಕೊಟ್ಟಳು,
ರಸೀದಿಯನ್ನು ಹಸಿರು ಬಳೆಗಳ ಡಬ್ಬಿಯಲ್ಲಿ ಮಡಚಿಟ್ಟಳು,
ನನ್ನ ಕೈ ನೋಡುತ್ತ ಕೇಳಿದಳು:
"ಹೆಬ್ಬೆಟ್ಟಿಗೆ ಏನಾತೋ ತಮ್ಮಾ, ಗಾಯ ಆಗೇತೇನು?"