ಕಡ

ಸ್ಕ್ರಿಮ್ಶಾ ಮೇಡಂ,
ಮಂಗಳವಾರ ಸಂಜೆ ಲೈಬ್ರರಿಯ ಮಹಡಿಯಲ್ಲಿ
ಬೋರ್ಡಿನ ಮೇಲೆ ಎರಡು ಪದ ಬರೆದು
ನಡುವೆ ಗೀಟೆಳೆದಿರಿ.
ಈಚೆ ಲೆಂಡ್, ಆಚೆ ಬಾರೋ.
ಕೊಡುವವಳದೊಂದು, ತಗೊಳ್ಳುವವಳದೊಂದು.
ನಮ್ಮ ಸುವಾವ್ಕಿಯಲ್ಲಿ ಎರಡಕ್ಕೂ ಒಂದೇ ಮಾತು.
ಕೊಟ್ಟರೂ ಕಡ, ತಂದರೂ ಕಡ.
ಸಕ್ಕರೆ ಬಟ್ಟಲು ಬೇಲಿ ದಾಟುವಾಗ
ಯಾರ ಕೈ ಮೇಲೆ, ಯಾರ ಕೈ ಕೆಳಗೆ ಎಂದು
ಯಾರೂ ಕೇಳುತ್ತಿರಲಿಲ್ಲ.

ಗೀಟು ಎಲ್ಲಿತ್ತು ಅನ್ನುವುದು
ಗ್ರಿಮ್ಸ್‌ಬಿಯ ಮೀನು ಕಾರ್ಖಾನೆಯಲ್ಲಿ ಮರೆತುಹೋಗುತ್ತದೆ, ಮೇಡಂ.
ಬೆಳಗಿನ ಆರಕ್ಕೆ ಕೈಗವಸಿನೊಳಗೆ
ಬೆರಳಿದೆಯೋ ಇಲ್ಲವೋ ತಿಳಿಯದ ಚಳಿ.
"ಬಾರೋ ಮಿ ಟೆನ್ ಪೌಂಡ್ಸ್" ಅಂದೆ ಗಿಂತಾರಸನಿಗೆ.
ಅವನೂ ನಿಮ್ಮದೇ ಕ್ಲಾಸು. ಲಾಕರಿಗೆ ಒರಗಿ
ನೋಟ್‌ಬುಕ್ ತೆಗೆದು, ಹಾಳೆ ತಿರುವಿ,
ತಪ್ಪು ಅಂದ.
ತಪ್ಪೇ.
ಹತ್ತು ಪೌಂಡು ಮಾತ್ರ ಹುಟ್ಟಲಿಲ್ಲ.

ಇನ್ನೊಂದು ಕೇಳಿ.
ಹ್ಯಾಡಕ್ ಸೀಳಿ ಸೀಳಿ ಬೇಸತ್ತು
ಮೇಸ್ತ್ರಿ ಕೀತನಿಗೆ "ಐ ಆಮ್ ಬೋರಿಂಗ್" ಅಂದೆ.
ಅವನು ಮೇಲಿಂದ ಕೆಳಗೆ ನೋಡಿ
"ಛೆ ಛೆ, ಹಾಗೇನಿಲ್ಲ ಬಿಡು" ಅಂದ.
ಇಡೀ ಸಾಲು ನಕ್ಕಿತು.
ಬಾಲದಲ್ಲಿ ಮೂರಕ್ಷರ ಎಡವಿದ್ದಕ್ಕೆ
ಬೇಸತ್ತವಳು ನಾನೇ ಬೇಸರವಾಗಿಬಿಟ್ಟೆ,
ಎಪ್ರನ್ ಕಟ್ಟಿಕೊಂಡ ಬೇಸರ.

ಆಮೇಲೆ ಆ ಎ, ಆ ದಿ.
ಊರಲ್ಲಿ ಮೀನು ಅಂದರೆ ಮೀನು.
ಇಲ್ಲಿ ಒಂದು ಮೀನೋ, ಆ ಮೀನೋ,
ಕತ್ತಿ ಎತ್ತುವ ಮೊದಲೇ ಹೇಳಬೇಕು.

ಹೀಗಿರುವಾಗ ನವೆಂಬರಿನಲ್ಲಿ
ಈ ಊರಲ್ಲೇ ಹುಟ್ಟಿ ಈ ಹಡಗುಕಟ್ಟೆಯಲ್ಲೇ ನರೆತ ಕೀತ್
ಬಂದು ಕೇಳುತ್ತಾನೆ: "ಕ್ಯಾನ್ ಐ ಲೆಂಡ್ ಯುವರ್ ಪೆನ್?"
ನಿಮ್ಮ ಗೀಟು ಕಣ್ಣಿಗೆ ಕಟ್ಟಿತು.
"ಬಾರೋ" ಅಂದೆ, ಎಲ್ಲರೆದುರಿಗೆ.
ನೀರಿನ ಪೈಪು ಬಿಟ್ಟರೆ ಬೇರೆ ಸದ್ದಿಲ್ಲ.
ಕಿವಿ ಕೆಂಪಾಗಿ, ಪೆನ್ನು ತಗೊಂಡು ಹೋದ.
ಅಂದಿನಿಂದ ನನ್ನ ಹೆಸರು ಟೀಚರ್.
ಬೊಗುಮಿವಾ ಅನ್ನಲು ತಿರುಗದ ನಾಲಿಗೆಗಳಿಗೆ
ಅದೂ ಒಂದು ಅನುಕೂಲವೇ.

ವಾರ ಕಳೆದು, ಊಟದ ಹೊತ್ತಿನಲ್ಲಿ
ಚಿಪ್ಸಿನ ಎಣ್ಣೆ ಹೀರಿದ ಹಾಳೆಯೊಂದನ್ನು ಮುಂದಿಟ್ಟ.
ಅಬರ್ಡೀನಿನ ಮಗಳಿಗೆ ಕಾಗದ.
ಆರು ವರ್ಷದಿಂದ ಮಾತಿಲ್ಲವಂತೆ.
"ನೋಡು ಟೀಚರ್, ಎಲ್ಲೆಲ್ಲಿ ಕೆಟ್ಟಿದೆ ಅಂತ."

ಮೇಡಂ, ಎಲ್ಲೆಲ್ಲೂ ಕೆಟ್ಟಿತ್ತು.
ವಿ ವಾಸ್. ಯೂ ವಾಸ್.
ಮದುವೆಗೆ "ಐ ಶುಡ್ ಆಫ್ ಕೇಮ್".
ಕಿವಿಗೆ ಬಿದ್ದಂತೆ ಬರೆದಿದ್ದ,
ನಲವತ್ತು ವರ್ಷ ಗಾಳಿಗೆ, ಮಂಜಿನ ಸೈರನ್ನಿಗೆ ಕೊಟ್ಟ ಕಿವಿ.
ನಾನು ಇಕ್ಕುಳ ಹಿಡಿದು ಮುಳ್ಳು ಕೀಳುವವಳು,
ಒಂದೊಂದನ್ನೇ ಕಿತ್ತೆ.
ಆಫ್ ಹೋಗಿ ಹ್ಯಾವ್ ಬಂತು,
ವಾಸ್‌ಗಳೆಲ್ಲ ವರ್ ಆದವು,
ಅಕ್ಷರಗಳ ನೆತ್ತಿಗೆ ಬೇಕಾದ ಕೊಕ್ಕೆ ಸಿಕ್ಕಿಸಿದೆ.
ಕೀತ್ ನಾಲಿಗೆ ಕಚ್ಚಿಕೊಂಡು ಹೊಸ ಹಾಳೆಗೆ ಇಳಿಸಿದ.
ನೀವು ನೋಡಿದ್ದರೆ ಹತ್ತಕ್ಕೆ ಹತ್ತು.

ಉತ್ತರ ಬಂತು, ಎರಡೇ ಸಾಲು:
"ಕೈಬರಹ ನಿನ್ನದೇ ಅಪ್ಪಾ. ಮಾತು ಯಾರದ್ದು?
ವಕೀಲರ ಹತ್ತಿರ ಬರೆಸಿದೆಯಾ?"

ಅವನು ನನ್ನನ್ನು ಬೈಯಲಿಲ್ಲ.
ಫ್ರೀಜರಿನ ಬಾಗಿಲಲ್ಲಿ ನಿಂತು
ಆ ಹಳೆಯ ಹಾಳೆ ಇದೆಯಾ ಅಂತ ಕೇಳಿದ.
ಇರಲಿಲ್ಲ. ಮೀನಿನ ತಲೆಗಳ ಜೊತೆ ಬಿಸಾಕಿದ್ದೆ.
ಮತ್ತೆ ಬರೆದ, ಕ್ರೇಟಿನ ಮೇಲೆ ಕೂತು,
ಎಡಗೈ ಅಡ್ಡ ಇಟ್ಟುಕೊಂಡು,
ಪರೀಕ್ಷೆಯಲ್ಲಿ ಹುಡುಗರು ಬರೆಯುವಂತೆ.
ಅಂಚೆ ಡಬ್ಬಿಯವರೆಗೆ ನಾನೂ ಹೋದೆ.
ನನ್ನ ಬಸ್ಸು ನಿಲ್ಲುವುದೂ ಅಲ್ಲೇ.

ಇದು ಕ್ರಿಸ್‌ಮಸ್ಸಿಗೆ ಮುಂಚಿನ ಮಾತು.
ಈ ಸೋಮವಾರ ಕೀತ್ ರಜೆ ಹಾಕಿದ್ದಾನೆ,
ಎಲ್ಲಿಗೆಂದು ಯಾರಿಗೂ ಹೇಳಿಲ್ಲ.
ಪೆನ್ನು ಇನ್ನೂ ಅವನ ಜೇಬಿನಲ್ಲೇ.
ನಾನು ಕೊಟ್ಟದ್ದೋ, ಅವನು ತಗೊಂಡದ್ದೋ,
ಗೀಟಿನ ಯಾವ ಬದಿಗೆ ಬರೆಯಲಿ
ನಾಳೆ ಕ್ಲಾಸಿನಲ್ಲಿ ಹೇಳಿ, ಮೇಡಂ,
ಲೆಂಡ್ ಅನ್ನಲೋ,
ಬಾರೋ ಅನ್ನಲೋ.